ಕಲ್ಲಿನ ಪಕ್ಕದ ಮನೆಯವರು

ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿ ರಿಸರ್ವ್ ಬ್ಯಾಂಕು, ಮಾರ್ಥಾಸ್ ಆಸ್ಪತ್ರೆಗಳಿರುವ ಸಾಲಿನಲ್ಲೇ ಡೇಲಿ ಮೆಮೋರಿಯಲ್ ಹಾಲ್ ಎಂಬ ಹಳೆಯ ಕಟ್ಟಡವೊಂದಿದೆ. 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿಯ ಮನೆ ಅದು. ಹೆಸರು ಕೇಳಿದವರಿಗೆ ಪುರಾಣ ಪ್ರವಚನ ನಡೆಯುವ ಜಾಗವೇನೋ ಅನ್ನಿಸಿದರೆ ಆಶ್ಚರ್ಯವಿಲ್ಲ. ಶುರುವಿನಲ್ಲಿ ಅದರ ಆಸಕ್ತಿ ದಕ್ಷಿಣ ಭಾರತದ ಪುರಾಣ, ಜನಾಂಗ, ಧರ್ಮ, ಇತಿಹಾಸ ಎಲ್ಲದರ ಮೇಲೂ ಹರಡಿತ್ತು. ಮೊದಲ ದಿನಗಳ ಮುಂದಾಳುಗಳಲ್ಲಿ ಎಫ್. ಜೆ. ರಿಚರ್ಡ್ಸ್ ಎಂಬ ಬ್ರಿಟಿಷ್ ಅಧಿಕಾರಿ ಇದ್ದರು. ಬಹುಕಾಲ ಅಧ್ಯಕ್ಷರಾಗಿದ್ದ ಫಾದರ್ ಟಬಾರ್ಡ್ ಕ್ರೈಸ್ತ ಪಾದ್ರಿ. ಕಟ್ಟಡಕ್ಕೆ ಹೆಸರು ಕೊಟ್ಟ ಹ್ಯೂ ಡೇಲಿ ಮೈಸೂರಿನ ಬ್ರಿಟಿಷ್ ರೆಸಿಡೆಂಟ್. ರಸ್ತೆಗೂ ಆಗ ಬೇರೆಯೇ ಹೆಸರಿತ್ತು, ಸೆನೊಟಾಫ್ ರೋಡ್. 1791ರಲ್ಲಿ ಟಿಪ್ಪುವಿನ ಕೋಟೆಯ ಮೇಲೆ ಬಿದ್ದು ಸತ್ತ ಕಂಪನಿ ಸೇನೆಯವರ ನೆನಪಿನ ಕಂಬ ಅಲ್ಲಿತ್ತು. 1964ರಲ್ಲಿ ಕಂಬ ಹೋಯಿತು. ರಸ್ತೆಗೆ ಈಗ ರಾಷ್ಟ್ರಕೂಟರ ದೊರೆಯ ಹೆಸರು.

ಇಷ್ಟು ಹೇಳಿದರೆ ಇದು ಸಾಹೇಬರ ಸಂಜೆಯ ಹವ್ಯಾಸ ಎಂದು ತಳ್ಳಿಹಾಕಿಬಿಡಬಹುದು. ಅದು ಅನ್ಯಾಯವಾಗುತ್ತದೆ. ಅಲ್ಲಿ ಓದಿದ ಪ್ರಬಂಧಗಳು ಸಂಸ್ಥೆಯ ತ್ರೈಮಾಸಿಕದಲ್ಲಿ ಅಚ್ಚಾದವು, ಆ ಪತ್ರಿಕೆ ನೂರು ವರ್ಷ ದಾಟಿ ಬಂದಿದೆ. ಇತಿಹಾಸದ ಕನ್ನಡ ಪುಸ್ತಕಗಳಲ್ಲಿ ಆ ಪತ್ರಿಕೆಯ ಋಣ ಹೊತ್ತ ಅಡಿಟಿಪ್ಪಣಿಗಳು ಸಾಕಷ್ಟು ಸಿಗುತ್ತವೆ. ಆದರೆ ಒಂದು ಮಾತು ನಿಜ. ‘ಸಾರ್ವಜನಿಕ ಉಪನ್ಯಾಸ’ ಎನ್ನುವಾಗ ಆ ಸಾರ್ವಜನಿಕರು ಯಾರು ಎಂಬ ಪ್ರಶ್ನೆಗೆ ಬಹುಕಾಲ ಇದ್ದ ಉತ್ತರ ಬಹಳ ಸಣ್ಣದು. ಇಂಗ್ಲಿಷ್ ಬಲ್ಲ ಅಧಿಕಾರಿ, ವಕೀಲ, ಕಾಲೇಜು ಮೇಷ್ಟ್ರು. ಒಂದೇ ವರ್ಷದ ನಂತರ, 1910ರಲ್ಲಿ, ಪುಣೆಯಲ್ಲಿ ಹುಟ್ಟಿದ ಭಾರತ ಇತಿಹಾಸ ಸಂಶೋಧಕ ಮಂಡಳದ ದಾರಿ ಬೇರೆ. ಅದನ್ನು ಕಟ್ಟಿದ ವಿ. ಕಾ. ರಾಜವಾಡೆ ಮರಾಠಿಯಲ್ಲೇ ಬರೆಯುವ ಹಟದವರು. ಹಳ್ಳಿ ಹಳ್ಳಿ ತಿರುಗಿ, ಮನೆಮನೆಯ ಅಟ್ಟದಿಂದ ದಫ್ತರಗಳನ್ನು ಇಳಿಸಿ, ಓದಿ ಮರಾಠಿಯಲ್ಲೇ ಅಚ್ಚು ಹಾಕಿಸಿದರು. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ ಇನ್ನೂ ಹಿಂದಿನದು, 1890ರದು. ಮುಂಬೈ ಪ್ರಾಂತದಲ್ಲಿ ಕನ್ನಡ ಮೂಲೆಗೆ ಬಿದ್ದಿದ್ದ ಕಾಲದಲ್ಲಿ ಹುಟ್ಟಿದ ಅದಕ್ಕೆ ಭಾಷೆಯೇ ಮೊದಲ ಕೆಲಸ. ಬೆಂಗಳೂರಿನ ಹಾಲಿಗೆ ಆ ಒತ್ತಡ ಇರಲಿಲ್ಲ. ಅನುಕೂಲವಂತರ ಕೊರತೆ ಅನ್ನಬಹುದು.

ಆ ಕೊರತೆ ಏನು ಮಾಡಿತು ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ಬೆಂಗಳೂರು ಎಂಬ ಹೆಸರು ಹೇಗೆ ಬಂತು ಎಂದು ಯಾವ ಮಗುವನ್ನು ಕೇಳಿದರೂ ವೀರಬಲ್ಲಾಳ, ಕಾಡು, ಅಜ್ಜಿ, ಬೆಂದ ಕಾಳು ಎಂಬ ಕತೆ ಬರುತ್ತದೆ. ಹೊಯ್ಸಳ ಇಮ್ಮಡಿ ಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ ವೀರಗಲ್ಲೊಂದು ‘ಬೆಂಗಳೂರ ಕಾಳಗ’ವನ್ನು ಹೆಸರಿಸುತ್ತದೆ. ಅದರ ಕಾಲ ಸುಮಾರು ಕ್ರಿ.ಶ. 890, ಬಲ್ಲಾಳನಿಗಿಂತ ಮುನ್ನೂರು ವರ್ಷ ಹಿಂದೆ, ಗಂಗರ ಕಾಲ. ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಇದನ್ನು ಬೆಳಕಿಗೆ ತಂದದ್ದು 1915ರಲ್ಲಿ. ನೂರಕ್ಕೂ ಹೆಚ್ಚು ವರ್ಷಗಳ ಮೇಲೂ ಬೆಂದ ಕಾಳು ಬೇಯುತ್ತಲೇ ಇದೆ. ಅಜ್ಜಿಯ ಕತೆ ಕನ್ನಡದಲ್ಲಿತ್ತು, ವರದಿ ಇಂಗ್ಲಿಷಿನಲ್ಲಿತ್ತು. ಕತೆಯ ರುಚಿಯೂ ವರದಿಗಿಂತ ಹೆಚ್ಚೇ.

ಕಲ್ಲುಗಳ ಕತೆ ಇದಕ್ಕಿಂತ ಬೇಸರದ್ದು. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟ, ಬೆಂಗಳೂರು ಜಿಲ್ಲೆಯದು, 1905ರಲ್ಲಿ ಬಂತು. ರೈಸ್ ಅವರ ಸಿಬ್ಬಂದಿ ಊರೂರು ಅಲೆದು, ಹೊಲದ ಬದು, ಕೆರೆ ಏರಿ, ಗುಡಿಯ ಹಿಂಭಾಗಗಳಲ್ಲಿ ನಿಂತಿದ್ದ ಕಲ್ಲುಗಳನ್ನು ಹುಡುಕಿದರು. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಚ್ಚಿ, ಗಟ್ಟಿ ಕುಂಚದಿಂದ ಬಡಿದು ಕಾಗದವನ್ನು ಅಕ್ಷರದ ಕುಳಿಯೊಳಕ್ಕೆ ಇಳಿಸಿ, ಮೇಲೆ ಮಸಿ ಒತ್ತಿದರೆ ಕಪ್ಪು ನೆಲದ ಮೇಲೆ ಬಿಳಿ ಅಕ್ಷರ ಎದ್ದು ಬರುತ್ತದೆ. ಇದಕ್ಕೆ ಪಡಿಯಚ್ಚು ಎಂದು ಹೆಸರು. ಕಾಗದ ಒಣಗಿದ ಮೇಲೆ ಸುತ್ತಿಕೊಂಡು ಹೋಗಬಹುದು. ಪಠ್ಯ ಪುಸ್ತಕ ಸೇರಿತು, ಪುಸ್ತಕ ಗ್ರಂಥಾಲಯ ಸೇರಿತು. ಕಲ್ಲು ಮಾತ್ರ ಇದ್ದಲ್ಲೇ ಉಳಿಯಿತು. ಅದರಲ್ಲಿ ಏನು ಬರೆದಿದೆ ಎಂದು ಪಕ್ಕದ ಮನೆಯವರಿಗೆ ಹೇಳುವ ಕೆಲಸ ಯಾರ ಪಾಲಿಗೂ ಬರಲಿಲ್ಲ.

ಹೀಗಾಗಿ ಊರು ನಗರವಾದಾಗ ಆ ಕಲ್ಲುಗಳಿಗೆ ವಾರಸುದಾರರಿಲ್ಲದಂತಾಯಿತು. ಕೆಲವು ಚರಂಡಿಯ ಹಾಸಾದವು, ಕೆಲವು ಬಟ್ಟೆ ಒಗೆಯುವ ಬಂಡೆಯಾದವು. ರಸ್ತೆ ಅಗಲ ಮಾಡುವಾಗ ಜೆಸಿಬಿ ಎತ್ತಿ ಎಸೆದದ್ದುಂಟು. ಬರಹದಲ್ಲಿ ನಿಧಿಯ ಗುರುತಿದೆ ಎಂದು ನಂಬಿ ಒಡೆದವರುಂಟು. ಉಳಿದವುಗಳಲ್ಲಿ ಬಹಳಷ್ಟು ಉಳಿದದ್ದು ಯಾವ ಕಾನೂನಿನಿಂದಲೂ ಅಲ್ಲ, ಅರಿಶಿನ ಕುಂಕುಮದಿಂದ. ವೀರಗಲ್ಲಿನ ಮೇಲೆ ಕತ್ತಿ ಹಿಡಿದ ಆಳಿನ ಚಿತ್ರ ಇರುತ್ತದೆ. ಜನ ಅದನ್ನು ದೇವರು ಅಂದರು, ಪೂಜೆ ಮಾಡಿದರು, ಕೆಲವೆಡೆ ಎಣ್ಣೆಬಣ್ಣ ಬಳಿದು ಅಕ್ಷರ ಮುಚ್ಚಿದರು. ವಿದ್ವಾಂಸರು ಇದನ್ನು ಕಂಡು ಹಣೆ ಚಚ್ಚಿಕೊಳ್ಳುವುದುಂಟು. ಆದರೆ ಬಣ್ಣ ಬಳಿದ ಕೈಯೇ ಕಲ್ಲನ್ನು ಕಾದ ಕೈ ಕೂಡ.

2018ರಲ್ಲಿ ಹೆಬ್ಬಾಳದಲ್ಲಿ ಚರಂಡಿಗೆ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಅದು ಸುಮಾರು ಕ್ರಿ.ಶ. 750ರದು, ಗಂಗ ಶ್ರೀಪುರುಷನ ಕಾಲದ್ದು. ಊರಿನ ಹೆಸರು ಆಗ ಪೆರ್ಬೊಳಲ್, ‘ದೊಡ್ಡ ಪಟ್ಟಣ’. ರಾಷ್ಟ್ರಕೂಟರ ಕಡೆಯ ದಂಡು ಬಂದಾಗ ಕಾದಾಡಿ ಸತ್ತ ಕಿತ್ತಯ್ಯ ಎಂಬವನ ಕಲ್ಲು ಅದು. ಶಾಸನಗಳ ಬಗ್ಗೆ ಆಸಕ್ತಿ ಇದ್ದ ನಾಗರಿಕರ ಗುಂಪೊಂದು ಆ ಹೊತ್ತಿಗೆ ರೈಸ್ ಸಂಪುಟ ಹಿಡಿದು ನಗರದಲ್ಲಿ ಕಲ್ಲುಗಳನ್ನು ಹುಡುಕುತ್ತಿತ್ತು. ಅವರಲ್ಲಿ ಹೆಚ್ಚಿನವರು ಇತಿಹಾಸದ ಪಂಡಿತರಲ್ಲ, ಬೇರೆ ಉದ್ಯೋಗದವರು. ಅವರು ಮತ್ತು ಹೆಬ್ಬಾಳದವರು ಸೇರಿ ದುಡ್ಡು ಕೂಡಿಸಿ, ಗಂಗರ ಕಾಲದ ಶೈಲಿಯ ಕಲ್ಲುಮಂಟಪ ಕಟ್ಟಿ ಕಿತ್ತಯ್ಯನನ್ನು ಅದರಲ್ಲಿ ನಿಲ್ಲಿಸಿದರು. ರಾಜಧಾನಿಯ ಫ್ಲೈಓವರ್ ಎಂದಷ್ಟೇ ಗೊತ್ತಿದ್ದ ಜಾಗಕ್ಕೆ ಸಾವಿರದ ಇನ್ನೂರೈವತ್ತು ವರ್ಷಕ್ಕೂ ಹಿಂದಿನ ಒಬ್ಬ ನಿವಾಸಿ ಹೆಸರು ಸಮೇತ ಸಿಕ್ಕಂತಾಯಿತು.

ಆ ಕೆಲಸವೇ 2021ರ ಹೊತ್ತಿಗೆ ಮಿಥಿಕ್ ಸೊಸೈಟಿಯ ಛಾವಣಿಯಡಿಗೆ ಬಂದು, ಬೆಂಗಳೂರು ಶಾಸನಗಳ ತ್ರೀಡಿ ಡಿಜಿಟಲ್ ಸಂರಕ್ಷಣೆಯ ಯೋಜನೆಯಾಯಿತು. ಪಿ. ಎಲ್. ಉದಯಕುಮಾರ್ ಅದರ ಮುಂದಾಳು. ಸ್ಕ್ಯಾನರು ಕಲ್ಲಿನ ಮೇಲ್ಮೈಯನ್ನು ಮಿಲಿಮೀಟರಿಗಿಂತ ಸೂಕ್ಷ್ಮವಾಗಿ ಅಳೆದು ಕಂಪ್ಯೂಟರಿನಲ್ಲಿ ಅದರ ಪಡಿಯಚ್ಚು ತೆಗೆಯುತ್ತದೆ. ಆಮೇಲೆ ಬೇಕಾದ ಕಡೆಯಿಂದ ಬೆಳಕು ಬೀಳಿಸಿ ನೋಡಬಹುದು. ಮಳೆ ಗಾಳಿಗೆ ಸವೆದು ಕೂದಲೆಳೆಯಷ್ಟೇ ಉಳಿದ ಗೀರು, ಓರೆ ಬೆಳಕಿನಲ್ಲಿ ನೆರಳಾಗಿ ಕಾಣುತ್ತದೆ. ಹಿಂದಿನವರು ಓದಲಾಗದೆ ಚುಕ್ಕಿ ಇಟ್ಟು ಬಿಟ್ಟ ಸಾಲುಗಳು ಹೀಗೆ ತುಂಬಿಕೊಳ್ಳುತ್ತವೆ, ಹಳೆಯ ಓದಿನ ತಪ್ಪುಗಳು ತಿದ್ದಿಕೊಳ್ಳುತ್ತವೆ. ಸ್ಕ್ಯಾನುಗಳಿಂದ ಬಿಡಿ ಅಕ್ಷರಗಳನ್ನೇ ಕತ್ತರಿಸಿ ಜೋಡಿಸಿದ ಅಕ್ಷರ ಭಂಡಾರ ಎಂಬ ಸಂಗ್ರಹವನ್ನೂ ಅವರು ಎಲ್ಲರಿಗೂ ತೆರೆದಿಟ್ಟಿದ್ದಾರೆ. ಎಂಟನೆಯ ಶತಮಾನದ ‘ಕ’ ಹೇಗಿತ್ತು, ಹನ್ನೆರಡರಲ್ಲಿ ಹೇಗಾಯಿತು ಎಂದು ಕಲ್ಲಿನ ಮೇಲಿನ ಅಕ್ಷರವನ್ನೇ ನೋಡಿ ಕಲಿಯಬಹುದು. ಯಂತ್ರಕ್ಕಿಂತ ಮೆಚ್ಚಬೇಕಾದದ್ದು ಇದನ್ನೇ. ನೂರು ವರ್ಷ ಹಾಲಿನೊಳಗೆ ನಡೆದ ಉಪನ್ಯಾಸ ಈಗ ಊರಬಾಗಿಲಿನಲ್ಲಿ, ಗುಡಿಯ ಜಗಲಿಯಲ್ಲಿ, ಕನ್ನಡದಲ್ಲಿ ನಡೆಯುವಂತಾಗಿದೆ. ಕೇಳುವವರು ಕಲ್ಲಿನ ಪಕ್ಕದ ಮನೆಯವರು. ಅಲ್ಲಿ ಶಾಲು, ಹಾರ, ಅಧ್ಯಕ್ಷರ ನಲವತ್ತು ನಿಮಿಷದ ಭಾಷಣಕ್ಕೆ ಜಾಗ ಕಡಿಮೆ ಎಂಬುದೂ ಸಣ್ಣ ಲಾಭವಲ್ಲ.

ಆದರೆ ಕಲ್ಲನ್ನು ಓದಿ ಹೇಳುವುದು ಅಷ್ಟು ಸುಲಭದ ಕೆಲಸವೂ ಅಲ್ಲ, ಅಪಾಯವಿಲ್ಲದ್ದೂ ಅಲ್ಲ. ಬೆಂಗಳೂರಿನ ಪೂರ್ವ ಭಾಗದ ಅನೇಕ ಶಾಸನಗಳು ತಮಿಳಿನವು. ದೊಮ್ಮಲೂರಿನ ಚೊಕ್ಕನಾಥ ದೇವಾಲಯದ ಶಾಸನಗಳಲ್ಲಿ ಊರಿನ ಹೆಸರು ತೊಂಬಲೂರು. ಮಡಿವಾಳದ ಸೋಮೇಶ್ವರ ದೇವಾಲಯದ 1247ರ ತಮಿಳು ಶಾಸನದಲ್ಲಿ ಬೆಂಗಳೂರು ‘ವೆಂಗಳೂರ್’ ಆಗಿದೆ. ವಿಭೂತಿಪುರದಲ್ಲಿ ಸಿಕ್ಕ 1307ರ ಕಲ್ಲು ಕೂಡ ತಮಿಳಿನದು. ದೊರೆ ಹೊಯ್ಸಳ ಮುಮ್ಮಡಿ ಬಲ್ಲಾಳ. ಕಾಡು ಕಡಿದು, ನೆಲ ಸಮ ಮಾಡಿ, ಕೆರೆ ಕಟ್ಟಿ ಊರು ಮಾಡಿದ ವಿವರ ಅದರಲ್ಲಿದೆ. ಚೋಳರು ಬಂದು ಹೋದ ಸೀಮೆ ಇದು, ನಂತರವೂ ಹೊಯ್ಸಳರ ತಮಿಳು ಭಾಗದೊಡನೆ ಬಳಕೆ ಇದ್ದ ಸೀಮೆ. ತಮಿಳಿನಲ್ಲಿ ಶಾಸನ ಬರೆಸಿದ್ದರಲ್ಲಿ ವಿಚಿತ್ರವೇನಿಲ್ಲ.

ಇಂಥ ಕಲ್ಲಿನ ಫೋಟೋ ಮೊಬೈಲಿನಲ್ಲಿ ಓಡಾಡಿದರೆ ಏನಾಗುತ್ತದೆ ಎಂದು ಊಹಿಸಲು ಕಷ್ಟವಿಲ್ಲ. ಒಬ್ಬರು ‘ನೋಡಿ, ಊರು ನಮ್ಮದು’ ಅನ್ನುತ್ತಾರೆ, ಇನ್ನೊಬ್ಬರು ‘ಆ ಕಲ್ಲು ಯಾಕೆ ಬೇಕು’ ಅನ್ನುತ್ತಾರೆ. ಎರಡನೆಯವರ ಸಿಟ್ಟು ಕಲ್ಲಿಗೇ ಮಾರಕ. ವಿದ್ವತ್ ಸಂಸ್ಥೆಯೊಂದು ಇಲ್ಲಿ ನಡೆದುಕೊಳ್ಳುವ ರೀತಿಯ ಮೇಲೆ ಅದರ ಯೋಗ್ಯತೆ ನಿಂತಿದೆ. ಕನ್ನಡದ ಕಲ್ಲಿಗೆ ಕೊಟ್ಟ ಸ್ಕ್ಯಾನರನ್ನೇ, ಅಷ್ಟೇ ತಾಳ್ಮೆಯನ್ನೇ ತಮಿಳಿನ ಕಲ್ಲಿಗೂ ಕೊಡಬೇಕು, ಅದರಲ್ಲಿ ಇರುವುದನ್ನು ಕನ್ನಡದಲ್ಲಿ ಹೇಳಬೇಕು. ಇರುವುದಾದರೂ ಏನು? ಇಷ್ಟು ಗದ್ದೆ, ಇಂಥ ಕೆರೆಯ ಕೆಳಗೆ, ಇಂಥ ತೆರಿಗೆ ಬಿಟ್ಟು, ದೇವರ ದೀಪಕ್ಕೆ ಕೊಟ್ಟೆವು; ಇದನ್ನು ಕೆಡಿಸಿದವರು ಪಾಪಕ್ಕೆ ಹೋಗಲಿ. ಓದಿ ಮುಗಿಸಿದವರಿಗೆ ಜಗಳಕ್ಕಿಂತ ಹೆಚ್ಚಾಗಿ ‘ಆ ಕೆರೆ ಈಗ ಎಲ್ಲಿ?’ ಎಂಬ ಪ್ರಶ್ನೆ ಹುಟ್ಟುತ್ತದೆ. ಬೆಂಗಳೂರಿನವರಿಗೆ ಆ ಪ್ರಶ್ನೆಯೇ ಹೆಚ್ಚು ಇರಿಯಬೇಕಾದದ್ದು.

ಕರ್ನಾಟಕದ ಹೊರಗೆ ನೆಲೆಸಿದ ಕನ್ನಡಿಗರಿಗೆ ಇದು ಬೇಗ ಅರ್ಥವಾದೀತು, ಏಕೆಂದರೆ ಅವರ ಸುತ್ತ ಇರುವುದು ಇದೇ ಚಿತ್ರದ ಇನ್ನೊಂದು ಮುಖ. ಚೆನ್ನೈನವರು ಸೀರೆಗೆಂದು ಕಾಂಚಿಗೆ ಹೋಗುತ್ತಾರೆ. ಅಲ್ಲಿನ ಕೈಲಾಸನಾಥ ದೇವಾಲಯದ ಕಂಬವೊಂದರ ಮೇಲೆ ಬಾದಾಮಿ ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯನ ಕನ್ನಡ ಶಾಸನವಿದೆ. ಎಂಟನೆಯ ಶತಮಾನದಲ್ಲಿ ಪಲ್ಲವರ ಆ ರಾಜಧಾನಿಯನ್ನು ಗೆದ್ದವನು, ಗುಡಿಯ ಸಂಪತ್ತನ್ನು ಕಂಡು ಅದನ್ನು ದೇವರಿಗೇ ಬಿಟ್ಟುಕೊಟ್ಟ ಎಂದು ಅದು ಹೇಳುತ್ತದೆ. ಕಾಂಚಿ ಅದರಿಂದ ಕನ್ನಡದ ಊರಾಗಲಿಲ್ಲ, ಆಗಬೇಕಿಲ್ಲ. ಪಂಢರಾಪುರದ ವಿಠ್ಠಲನ ಗುಡಿಯಲ್ಲಿ ಹೊಯ್ಸಳ ಸೋಮೇಶ್ವರನ 1237ರ ಶಾಸನ ಸಂಸ್ಕೃತ, ಕನ್ನಡಗಳಲ್ಲಿದೆ. ಹೈದರಾಬಾದಿನಿಂದ ಕರೀಂನಗರದ ಕಡೆ ಹೋದರೆ ಕುರಿಕ್ಯಾಲದ ಬಳಿಯ ಬೊಮ್ಮಲಗುಟ್ಟದ ಬಂಡೆಯ ಮೇಲೆ ಆದಿಕವಿ ಪಂಪನ ತಮ್ಮ ಜಿನವಲ್ಲಭ ಕೆತ್ತಿಸಿದ ಬರಹ. ಅದರಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ಪಂಪನ ಮನೆತನದ ಬಗ್ಗೆ ಗೊತ್ತಿರುವುದರಲ್ಲಿ ಒಂದು ಪಾಲು ಈ ಬಂಡೆಯಿಂದ ಬಂದದ್ದು. ತೆಲುಗಿನ ಬಹಳ ಹಳೆಯ ಕಂದಪದ್ಯಗಳೂ ಇದೇ ಬಂಡೆಯ ಮೇಲಿವೆ. ಇನ್ನೂ ದೂರ, ಮಧ್ಯಪ್ರದೇಶದ ಜೂರಾದಲ್ಲಿ, ರಾಷ್ಟ್ರಕೂಟ ಮುಮ್ಮಡಿ ಕೃಷ್ಣನನ್ನು ಹೊಗಳುವ ಕನ್ನಡ ಶಾಸನ ಸಿಕ್ಕಿದೆ.

ಈ ಕಲ್ಲುಗಳ ಪಕ್ಕದ ಮನೆಯವರು ತಮಿಳು, ಮರಾಠಿ, ತೆಲುಗು, ಹಿಂದಿ ಮಾತನಾಡುವವರು. ಮಡಿವಾಳದ ಕಲ್ಲಿಗೆ ಕನ್ನಡಿಗರು ಹೇಗೋ, ಇವುಗಳಿಗೆ ಅವರು ಹಾಗೆ. ಅವರ ಸೀಮೆಯ ಕನ್ನಡ ಕಲ್ಲನ್ನು ಅವರು ಕಾಯಲಿ ಎಂದು ಬಯಸುವವರು ಇಲ್ಲಿನ ತಮಿಳು ಕಲ್ಲಿಗೆ ಏನು ಮಾಡಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊರನಾಡಿನ ಕನ್ನಡ ಸಂಘಗಳ ಪಟ್ಟಿಯಲ್ಲಿ ನವೆಂಬರಿನ ರಾಜ್ಯೋತ್ಸವ, ಯುಗಾದಿಯ ಒಬ್ಬಟ್ಟು, ಒಂದು ನಾಟಕ, ಊರಿನಿಂದ ಕರೆಸಿದ ಸಾಹಿತಿಯ ಭಾಷಣ ಇದ್ದೇ ಇರುತ್ತವೆ. ಅದಕ್ಕೆ ಒಂದು ಬಸ್ ಸೇರಿಸುವುದು ದೊಡ್ಡ ಖರ್ಚಲ್ಲ. ಪುಣೆಯಿಂದ ಪಂಢರಾಪುರ, ಹೈದರಾಬಾದಿನಿಂದ ಕುರಿಕ್ಯಾಲ, ಚೆನ್ನೈನಿಂದ ಕಾಂಚಿ, ಎಲ್ಲವೂ ಒಂದು ದಿನದ ದಾರಿ. ಶಾಸನದ ಪಠ್ಯವನ್ನು ಮೊದಲೇ ಹುಡುಕಿ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿಕೊಂಡು ಹೋಗಬೇಕು, ಹಳಗನ್ನಡ ಬಲ್ಲ ಒಬ್ಬರು ಜೊತೆಗಿರಬೇಕು, ಆ ಊರಿನ ಭಾಷೆ ಬಲ್ಲ ಇನ್ನೊಬ್ಬರೂ ಇರಬೇಕು. ಗುಂಪು ಕಟ್ಟಿಕೊಂಡು ಕಲ್ಲಿನ ಮುಂದೆ ನಿಂತರೆ ‘ಏನು ಬರೆದಿದೆ?’ ಎಂದು ಊರವರು ಬಂದು ಕೇಳದೆ ಇರುವುದಿಲ್ಲ. ನಡು ಮಧ್ಯಾಹ್ನ ಹೋದರೆ ಅಕ್ಷರ ಕಾಣುವುದಿಲ್ಲ, ಬೆಳಗ್ಗೆ ಅಥವಾ ಇಳಿಹೊತ್ತಿನ ಓರೆ ಬಿಸಿಲು ಬೇಕು. ಮಬ್ಬಾಗಿದ್ದರೆ ಟಾರ್ಚನ್ನು ಕಲ್ಲಿನ ಪಕ್ಕದಿಂದ, ಮೇಲ್ಮೈಗೆ ಒರಗಿಸಿದಂತೆ ಹಿಡಿಯಬೇಕು. ಅಕ್ಷರ ಎದ್ದು ಕಾಣಲಿ ಎಂದು ಸೀಮೆಸುಣ್ಣ, ಮೈದಾಹಿಟ್ಟು ಉಜ್ಜುವುದು ಬೇಡ, ಕಲ್ಲು ಸವೆಯುತ್ತದೆ.