ಸೇವಾಲಾಲರ ನೆಲಕ್ಕೆ ನವದಂಪತಿ

ಜಗಳೂರಿನಿಂದ ಬೈಕಿನಲ್ಲಿ ಹೊರಟ ಬಂಜಾರ ನವದಂಪತಿ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಏರಿಯ ಬಳಿ ಬುತ್ತಿ ಬಿಚ್ಚಿದರು. ಮುಂದೆ ತುಂಗಭದ್ರಾ ಸೇತುವೆ, ಹೊನ್ನಾಳಿ, ನ್ಯಾಮತಿ; ಕೊನೆಗೆ ಸೂರಗೊಂಡನಕೊಪ್ಪ. ಸಂತ ಸೇವಾಲಾಲರು 1739ರ ಫೆಬ್ರವರಿ 15ರಂದು ಹುಟ್ಟಿದರೆಂದು ಬಂಜಾರರು ನಂಬುವ ನೆಲವಿದು.

ಎತ್ತುಗಳ ಮೇಲೆ ಉಪ್ಪು, ದವಸ ಹೇರಿ ದೇಶ ಸುತ್ತಿದವರ ಕಸುಬನ್ನು ರೈಲು ಕಸಿಯಿತು. 1871ರಿಂದ ಬಂದ ಬ್ರಿಟಿಷ್ ಕಾಯಿದೆಗಳು ಅನೇಕ ಅಲೆಮಾರಿಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಹಣೆಪಟ್ಟಿ ಹಚ್ಚಿದವು; ಅದು ಕಳಚಿದ್ದು 1952ರಲ್ಲಿ.

ಸೇವಾಲಾಲ್, ಮರಿಯಮ್ಮನ ಗುಡಿಗಳಲ್ಲಿ ಕೈಮುಗಿದು ಹೊರಬಂದಾಗ ಮದುವಣಗಿತ್ತಿ ಕೇಳಿದಳು: “ನಾಳೆ ನಮ್ಮ ಮಕ್ಕಳಿಗೆ ಲಂಬಾಣಿ ಮಾತು ಬರುತ್ತದೆಯೇ?” ಸ್ವಂತ ಲಿಪಿಯಿಲ್ಲದ ಆ ನುಡಿಯಲ್ಲೇ ಸೇವಾಲಾಲರ ಕಥೆ ಬಾಯಿಂದ ಬಾಯಿಗೆ ದಾಟಿ ಬಂದಿದೆ. ಗುಡಿಯನ್ನು ಕಲ್ಲಿನಲ್ಲಿ ಕಟ್ಟಬಹುದು. ಮಾತು ಮಾತ್ರ ಮನೆಯಲ್ಲಿ ಆಡಿದರಷ್ಟೇ ಉಳಿದೀತು.