ರೈಲುಹಾದಿಯ ಕೆಳಗೊಂದು ರೇಡಿಯೋ ಪೇಟೆ

ಟೋಕಿಯೋ ಮಹಾನಗರದ ಆಕಿಹಾಬಾರ ನಿಲ್ದಾಣದಲ್ಲಿ ಇಳಿದ ಪ್ರವಾಸಿಯ ಕಣ್ಣಿಗೆ ಮೊದಲು ಬೀಳುವುದು ಝಗಝಗಿಸುವ ವಿದ್ಯುತ್ ಫಲಕಗಳು, ಬೊಂಬೆಗಳ ಅಂಗಡಿಗಳು, ಚಿತ್ರಕಥೆಗಳ ನಾಯಕಿಯರ ಆಳೆತ್ತರದ ಚಿತ್ರಗಳು. ಇದೇ ಆಕಿಹಾಬಾರವೆಂದು ನಂಬಿ ಹಿಂದಿರುಗುವವರೇ ಹೆಚ್ಚು. ಆದರೆ ನಿಲ್ದಾಣದ ಮಗ್ಗುಲಲ್ಲಿಯೇ, ಸೋಬು ರೈಲುಮಾರ್ಗವನ್ನು ಹೊತ್ತು ನಿಂತಿರುವ ಸೇತುವೆಯ ಕೆಳಗೆ ನುಸುಳಿದರೆ ಬೇರೆಯೇ ಒಂದು ಲೋಕ ತೆರೆದುಕೊಳ್ಳುತ್ತದೆ.

ಅಲ್ಲಿ ಇಬ್ಬರು ಎದುರುಬದುರಾದರೆ ಒಬ್ಬರು ಪಕ್ಕಕ್ಕೆ ಸರಿದೇ ನಿಲ್ಲಬೇಕು. ಓಣಿ ಅಷ್ಟು ಕಿರಿದು. ಎರಡೂ ಕಡೆ ಗೂಡಿನಂತಹ ಅಂಗಡಿಗಳು. ಒಂದರಲ್ಲಿ ಸ್ವಿಚ್ಚುಗಳು ಮಾತ್ರ; ಇನ್ನೊಂದರಲ್ಲಿ ಬಣ್ಣಬಣ್ಣದ ತಂತಿಯ ಸುರುಳಿಗಳು; ಮತ್ತೊಂದರಲ್ಲಿ ಇಟ್ಟಿಗೆಯ ತೂಕದ ಟ್ರಾನ್ಸ್‌ಫಾರ್ಮರುಗಳು. ವಾಲ್ವ್‌ಗಳನ್ನು ಮಾರುವಲ್ಲಿ ಪುಟ್ಟ ರಟ್ಟಿನ ಪೆಟ್ಟಿಗೆಗಳು ಮಾಡಿನವರೆಗೂ ಜೋಡಿಸಲ್ಪಟ್ಟಿವೆ. ಈ ಸಾಮಾನುಗಳ ನಡುವೆ ಉಳಿದ ಅಂಗೈಯಗಲದ ಜಾಗದಲ್ಲಿ ಅಂಗಡಿಯ ಯಜಮಾನ. ತಲೆಯ ಮೇಲೆ ರೈಲು ಹಾದುಹೋದಾಗ ಇಡೀ ಪೇಟೆ ಗುಡುಗುತ್ತದೆ. ಇದೇ ಆಕಿಹಾಬಾರದ ರೇಡಿಯೋ ಸೆಂಟರ್.

ಬೆಂಕಿಗೆ ಹೆದರಿ ಬಿಟ್ಟ ಬಯಲು

ಈ ಸ್ಥಳಕ್ಕೆ ಹೆಸರು ಬಂದುದು ಬೆಂಕಿಯಿಂದ. 1869ರ ಅಗ್ನಿ ಅನಾಹುತದಲ್ಲಿ ಇಲ್ಲಿಯ ಮನೆಗಳು ಸುಟ್ಟುಹೋದವು. ಮುಂದೆ ಬೆಂಕಿ ಹರಡದಿರಲೆಂದು ಸರ್ಕಾರ ಈ ನೆಲವನ್ನು ಬಯಲಾಗಿಯೇ ಬಿಟ್ಟು, 1870ರಲ್ಲಿ ಒಂದು ಗುಡಿಯನ್ನು ಕಟ್ಟಿಸಿತು. ಬೆಂಕಿಯಿಂದ ಕಾಯುವ ದೈವವೆಂದು ಹೆಸರಾದ ಆಕಿಬನೇ ಅಲ್ಲಿ ನೆಲೆಸಿರುವನೆಂದು ಜನ ಭಾವಿಸಿದರು. ಆಕಿಬನ ಬಯಲು ಕಾಲಕ್ರಮದಲ್ಲಿ ಆಕಿಹಾಬಾರವಾಯಿತು. 1890ರಲ್ಲಿ ಇಲ್ಲಿ ಸರಕು ಸಾಗಣೆಯ ರೈಲು ನಿಲ್ದಾಣ ಆರಂಭವಾಯಿತು.

ಎರಡನೆಯ ಮಹಾಯುದ್ಧದ ಬಾಂಬುಗಳು ಟೋಕಿಯೋವನ್ನು ಬೂದಿ ಮಾಡಿದ ಮೇಲೆ ಜನರಿಗೆ ಅನ್ನದಷ್ಟೇ ಸುದ್ದಿಯ ಹಸಿವೂ ಇದ್ದಿತು. ಹೊಸ ರೇಡಿಯೋ ಕೊಳ್ಳುವ ಶಕ್ತಿ ಹೆಚ್ಚಿನವರಿಗೆ ಇರಲಿಲ್ಲ. ಹತ್ತಿರದ ಕಾಂದಾ ಪ್ರದೇಶದ ವಿದ್ಯುತ್ ಶಾಲೆಯ ವಿದ್ಯಾರ್ಥಿಗಳು ಬಿಡಿಭಾಗಗಳನ್ನು ಕೂಡಿಸಿ ರೇಡಿಯೋ ಮಾಡಿ ಮಾರಿ ಓದಿನ ಖರ್ಚನ್ನು ನೀಗಿಸಿಕೊಂಡರು. ಅವರಿಗೆ ವಾಲ್ವ್, ತಂತಿಗಳನ್ನು ಒದಗಿಸಲು ಬೀದಿಯ ಬದಿಯಲ್ಲಿ ಅಂಗಡಿಗಳ ಸಾಲೇ ಎದ್ದಿತು. ಸಿದ್ಧ ರೇಡಿಯೋಗಳ ಮೇಲೆ ತೆರಿಗೆಯಿದ್ದುದರಿಂದ, ಮನೆಯಲ್ಲಿ ಜೋಡಿಸಿದ್ದೇ ಅಗ್ಗವಾಗಿದ್ದಿತು.

1949ರಲ್ಲಿ, ಜಪಾನನ್ನು ಆಳುತ್ತಿದ್ದ ಮಿತ್ರಪಡೆಗಳ ಆಡಳಿತವು ಬೀದಿ ಅಂಗಡಿಗಳನ್ನು ತೆರವುಮಾಡಬೇಕೆಂದು ಆಜ್ಞೆ ಮಾಡಿತು. ವ್ಯಾಪಾರಿಗಳು ಮೊರೆಯಿಟ್ಟರು. ಅವರಿಗೆ ದೊರೆತುದು ಯಾರಿಗೂ ಬೇಡವಾಗಿದ್ದ ರೈಲುಸೇತುವೆಯ ಕೆಳಗಿನ ನೆಲ. ಒಂದೊಂದು ಮಳಿಗೆ ಇಂದಿಗೂ ಅಷ್ಟು ಇಕ್ಕಟ್ಟಾಗಿರುವುದಕ್ಕೆ ಕಾರಣ ಇದೇ: ಬೀದಿಯ ಸಾಲೊಂದು ಹಾಗೆಯೇ ಬಂದು ಮಾಡಿನ ಕೆಳಗೆ ಕುಳಿತಿತು.

ಊಟದ ಮೇಜಿನ ಮೇಲೆ

ಈ ಪೇಟೆಯಿಂದ ಕಿಟ್ ಒಂದನ್ನೋ ಬಿಡಿಭಾಗಗಳ ಪೊಟ್ಟಣವನ್ನೋ ಹಿಡಿದು ಮನೆಗೆ ಹೋಗುವ ಹವ್ಯಾಸಿ ಮಾಡಹೊರಟಿರುವುದೇನು? ಬಹುಮಟ್ಟಿಗೆ, ಗ್ರಾಮಫೋನ್ ತಟ್ಟೆಗಳನ್ನು ಆಲಿಸಲು ಬೇಕಾದ ಪ್ರಿಆಂಪ್ಲಿಫೈಯರನ್ನು. ತಟ್ಟೆಯ ಗೀರಿನಲ್ಲಿ ಓಡುವ ಸೂಜಿ ಹುಟ್ಟಿಸುವ ವಿದ್ಯುತ್ತು ಒಂದು ವೋಲ್ಟಿನ ಇನ್ನೂರನೆಯ ಒಂದು ಭಾಗದಷ್ಟು. ಧ್ವನಿವರ್ಧಕ ನೇರವಾಗಿ ಅದನ್ನು ಕೇಳಿಸಲಾರದು. ಮೊದಲು ಯಾರಾದರೂ ಅದರ ಕೈಹಿಡಿದು ಮೇಲೆತ್ತಬೇಕು.

ಎತ್ತಿದರೆ ಮಾತ್ರ ಸಾಲದು, ತಿದ್ದಲೂ ಬೇಕು. ತಗ್ಗಿನ ಸ್ವರಗಳು ಗೀರನ್ನು ವಿಪರೀತ ಅಗಲವಾಗಿಸುವುದರಿಂದ ಅವನ್ನು ತಗ್ಗಿಸಿಯೂ, ತಟ್ಟೆಯ ಸುಯ್‌ಗುಟ್ಟುವಿಕೆಯಲ್ಲಿ ಮುಳುಗದಿರಲೆಂದು ತಾರ ಸ್ವರಗಳನ್ನು ಹೆಚ್ಚಿಸಿಯೂ ತಟ್ಟೆಯನ್ನು ಕೊರೆಯುತ್ತಾರೆ. 1954ರಲ್ಲಿ ಅಮೆರಿಕದ ಧ್ವನಿಮುದ್ರಣ ಉದ್ಯಮ ಇದಕ್ಕೊಂದು ಕ್ರಮವನ್ನು ಗೊತ್ತುಮಾಡಿತು. ಲೋಕವೆಲ್ಲ ಅದನ್ನೇ ಅನುಸರಿಸಿತು. ಪ್ರಿಆಂಪ್ಲಿಫೈಯರ್ ಇದನ್ನು ತಿರುವುಮುರುವಾಗಿಸಬೇಕು. ಕಿವಿಗೆ ಕೇಳುವ ಅತಿ ತಗ್ಗಿನ ಸ್ವರವನ್ನು ಅದು ಅತಿ ಎತ್ತರದ ಸ್ವರಕ್ಕಿಂತ ಸುಮಾರು 90 ಪಟ್ಟು ಹೆಚ್ಚಿಸುತ್ತದೆ. ಅಕ್ಕಿಕಾಳಿನಂತಹ ಕೆಲವು ರೆಸಿಸ್ಟರು, ಕೆಪಾಸಿಟರುಗಳ ಮೇಲೆ ಈ ಲೆಕ್ಕವೆಲ್ಲ ನಿಂತಿದೆ.

ಸಂಜೆ ಊಟದ ಮೇಜನ್ನು ಒರೆಸಿ ಹವ್ಯಾಸಿಯು ಕೆಲಸಕ್ಕೆ ಕೂರುತ್ತಾನೆ. ಮೊದಲ ಕೆಲಸ ಬೇರ್ಪಡಿಸುವುದು. ರೆಸಿಸ್ಟರಿನ ಮೈಮೇಲಿನ ಬಣ್ಣದ ಪಟ್ಟಿಗಳೇ ಅದರ ಜಾತಕ: ಹಳದಿ, ನೇರಿಳೆ, ಕಿತ್ತಳೆಯಿದ್ದರೆ 47 ಸಾವಿರ ಓಮ್. ನೇರಿಳೆಯನ್ನು ನೀಲಿಯೆಂದು ಓದಿದರೆ ಲೆಕ್ಕ ತಪ್ಪಿತು. ಬೆಸುಗೆಗೆ ತವರ ಮತ್ತು ಸೀಸದ ಮಿಶ್ರಲೋಹವನ್ನು ಬಳಸುವ ರೂಢಿ. ನೂರರಲ್ಲಿ 63 ಪಾಲು ತವರವಿದ್ದರೆ ಅದು 183 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗುತ್ತದೆ. ಕಾಯಿಸಬೇಕಾದುದು ಬೆಸುಗೆಯ ತಂತಿಯನ್ನಲ್ಲ, ಕೂಡಬೇಕಾದ ತುದಿಗಳನ್ನು. ತುದಿ ಕಾದರೆ ಲೋಹ ತಾನಾಗಿ ಹರಿದು ಹೊಳೆಯುತ್ತದೆ. ಕಾಯದಿದ್ದರೆ ಮಂಕಾಗಿ ಗಂಟುಕಟ್ಟಿ, ಕೂಡಿದಂತೆ ಕಂಡರೂ ಕೂಡಿರುವುದಿಲ್ಲ.

ಪ್ರಿಆಂಪ್ಲಿಫೈಯರಿನ ದೊಡ್ಡ ಶತ್ರು ಗುಂಯ್‌ಗುಡುವಿಕೆ. ಟೋಕಿಯೋದ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಆವರ್ತಿಸಿದರೆ ಒಸಾಕದ್ದು 60 ಬಾರಿ. 1890ರ ದಶಕದಲ್ಲಿ ಟೋಕಿಯೋ ಜರ್ಮನಿಯ ಯಂತ್ರಗಳನ್ನೂ, ಒಸಾಕ ಅಮೆರಿಕದ ಯಂತ್ರಗಳನ್ನೂ ತರಿಸಿಕೊಂಡುದರ ಫಲವಿದು. ಇಂದಿಗೂ ಫುಜಿ ನದಿಯ ಆಸುಪಾಸಿನಲ್ಲಿ ದೇಶದ ವಿದ್ಯುತ್ತು ಎರಡಾಗಿ ಹೋಳಾಗಿದೆ. ಆದುದರಿಂದ ಎರಡು ನಗರಗಳ ಗುಂಯ್‌ಗಾರದ ಶ್ರುತಿಯೂ ಬೇರೆ. ಅದನ್ನು ಅಡಗಿಸಲು ವಾಲ್ವ್‌ಗಳನ್ನು ಕಾಯಿಸುವ ತಂತಿಗಳನ್ನು ಜಡೆಯಂತೆ ಹೆಣೆದು, ಪೆಟ್ಟಿಗೆಯ ಮೂಲೆಗೆ ಒತ್ತಿ ಹಾಯಿಸುತ್ತಾರೆ. ಭೂಸಂಪರ್ಕಗಳನ್ನೆಲ್ಲ ಒಂದೇ ಬಿಂದುವಿಗೆ ತಂದು ಕಟ್ಟುತ್ತಾರೆ.

ಇದು ಮಕ್ಕಳಾಟವಲ್ಲ. ಮನೆಯ ವಿದ್ಯುತ್ತು 100 ವೋಲ್ಟಾದರೂ ವಾಲ್ವ್‌ಗೆ 200-300 ವೋಲ್ಟ್ ಬೇಕು. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರುಗಳಲ್ಲಿ ಅದು ಹೊಂಚುಹಾಕಿ ಕುಳಿತಿರುತ್ತದೆ. ಪ್ರಾಣಕ್ಕೇ ಸಂಚಕಾರ ತರಬಲ್ಲದು. ಅನುಭವಿಗಳು ಅದು ಬರಿದಾಯಿತೆಂದು ಮೀಟರಿನಿಂದ ಅಳೆದು ನೋಡದೆ ಬೆರಳಿಡುವುದಿಲ್ಲ. ಮೊದಲ ಪರೀಕ್ಷೆಯಲ್ಲಿ ಒಂದು ಕೈಯನ್ನು ಜೇಬಿನಲ್ಲಿಯೇ ಇರಿಸಿಕೊಳ್ಳುವುದು ಹಳೆಯ ಸಂಪ್ರದಾಯ. ಎರಡೂ ಕೈ ತಗುಲಿದರೆ ವಿದ್ಯುತ್ತಿನ ದಾರಿ ಎದೆಯ ಮೂಲಕವೇ.

ಎಲ್ಲವೂ ಸರಿಯೆಂದು ಖಚಿತವಾದ ಬಳಿಕ 12ಎಎಕ್ಸ್7 ವಾಲ್ವ್‌ಗಳನ್ನು ಸಿಕ್ಕಿಸುತ್ತಾರೆ. ಕಿರುಬೆರಳಿನ ಗಾತ್ರದ ಈ ಗಾಜಿನ ಕೊಳವೆಯೊಳಗೆ ಕೆಂಡದ ಬಣ್ಣದ ಚುಕ್ಕೆ ಮೂಡುತ್ತದೆ. ಒಂದರೊಳಗೆ ಎರಡು ವಾಲ್ವ್‌ಗಳಿದ್ದು, ಒಂದೊಂದರ ವರ್ಧನಾಂಕ 100. ಸೂಜಿ ತಟ್ಟೆಯ ಮೇಲೆ ಇಳಿಯುವಾಗ ಮನೆಮಂದಿಯೆಲ್ಲ ಉಸಿರು ಬಿಗಿಹಿಡಿಯುತ್ತಾರೆ.

ಉಳಿದೀತೇ ಈ ಪೇಟೆ?

ಕೈಯಿಂದ ಕಟ್ಟುವವರಿಂದಲೇ ಆಕಿಹಾಬಾರ ಬೆಳೆಯಿತು. 1962ರಲ್ಲಿ ಎಂಟು ಅಂತಸ್ತಿನ ರೇಡಿಯೋ ಕೈಕಾನ್ ಭವನ ಎದ್ದಿತು. 1976ರಲ್ಲಿ ಅದೇ ಭವನದಲ್ಲಿ ಎನ್‌ಇಸಿ ಸಂಸ್ಥೆಯು ತನ್ನ ಟಿಕೆ-80 ಎಂಬ ಕಂಪ್ಯೂಟರ್ ಕಿಟ್ ಕೊಂಡವರಿಗಾಗಿ ಮಳಿಗೆ ತೆರೆದಾಗ, ಬೆಸುಗೆ ಕಲಿತ ಕೈಗಳೇ ಹೊಸ ಯುಗಕ್ಕೂ ಬಾಗಿಲು ತೆಗೆದವು. ಆ ಭವನ 2011ರಲ್ಲಿ ನೆಲಸಮವಾಗಿ 2014ರಲ್ಲಿ ಹೊಸದಾಗಿ ತೆರೆಯಿತು. ಸೇತುವೆಯ ಕೆಳಗಿನ ಹಿರಿಯ ಮಳಿಗೆಗಳ ಸಮೂಹವಾದ ರೇಡಿಯೋ ಸ್ಟೋರ್ ಮಾತ್ರ 1949ರಿಂದ 64 ವರ್ಷ ಬಾಳಿ, 2013ರ ನವೆಂಬರಿನಲ್ಲಿ ಶಾಶ್ವತವಾಗಿ ಮುಚ್ಚಿತು.

ಒಂದು ಕಾಲದಲ್ಲಿ ತೋಷಿಬ, ಮಾತ್ಸುಷಿತ ಮೊದಲಾದ ಜಪಾನಿನ ಸಂಸ್ಥೆಗಳೇ ತಯಾರಿಸುತ್ತಿದ್ದ 12ಎಎಕ್ಸ್7 ಇಂದು ಬರುತ್ತಿರುವುದು ರಷ್ಯ, ಸ್ಲೋವಾಕಿಯ, ಚೀನಗಳಿಂದ. ಮನೆಯಲ್ಲಿ ಜೋಡಿಸಿದ್ದು ಅಗ್ಗವೆಂಬ ಮಾತೂ ಹಳೆಯದಾಯಿತು. ಸಿದ್ಧವಸ್ತುವೇ ಈಗ ಎಷ್ಟೋ ಅಗ್ಗ. ಹಾಗಿದ್ದೂ ರೇಡಿಯೋ ಸೆಂಟರಿನ ಓಣಿಯಲ್ಲಿ ಗಿರಾಕಿಗಳು ನಿಂತೇ ಇರುತ್ತಾರೆ. ಹಣ ಉಳಿಸಲು ಬಂದವರಲ್ಲ ಅವರು. ತಾವು ಕೇಳುವ ನಾದ ಯಾವ ದಾರಿಯಲ್ಲಿ ಬಂದಿತೆಂಬುದನ್ನು ಬೆರಳಿಟ್ಟು ತೋರಿಸಬಲ್ಲವರಾಗಬೇಕೆಂದು ಬಂದವರು. ಇಂತಹವರು ಇರುವವರೆಗೆ ಮಾತ್ರ ಈ ಅಂಗಡಿಗಳು ಬದುಕಬಲ್ಲವು. ಈ ಅಂಗಡಿಗಳು ಇಲ್ಲವಾದರೆ ಇಂತಹವರು ಹುಟ್ಟುವುದೂ ಕಷ್ಟ. ಟೋಕಿಯೋಕ್ಕೆ ಹೋಗುವ ಪ್ರವಾಸಿಯು ಬೀದಿಯ ಥಳಕನ್ನು ನೋಡಿಯಾದ ಮೇಲೆ, ಅರ್ಧ ಗಂಟೆಯನ್ನು ಸೇತುವೆಯ ಕೆಳಗೂ ಕಳೆಯುವುದು ಒಳ್ಳೆಯದು.