ಬಣ್ಣ ಬದಲಿಸಿದ ಕಾಗದ

1981ನೆಯ ಇಸವಿಯ ಬೇಸಗೆ ರಜೆಗೆ ಮುಂಚೆ ನಮ್ಮ ವಿಜ್ಞಾನದ ಉಪಾಧ್ಯಾಯಿನಿಯವರು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಿಂದ ಬಂದು ವಿದ್ಯಾರ್ಥಿನಿಲಯದಲ್ಲಿದ್ದ ನಾಲ್ವರು ಬಾಲಿಕೆಯರಿಗೆ ಒಂದೊಂದು ತುಂಡು ಬ್ಲಾಟಿಂಗ್ ಕಾಗದವನ್ನು ಕೊಟ್ಟರು. ಅದನ್ನು ಕೋಬಾಲ್ಟ್ ಕ್ಲೋರೈಡ್ ಕರಗಿಸಿದ ನೀರಿನಲ್ಲಿ ಅದ್ದಿ ಒಣಗಿಸಿದ್ದರು. ಗಾಳಿಯು ಒಣಗಿದ್ದರೆ ಕಾಗದವು ನೀಲಿ, ತೇವವಾಗಿದ್ದರೆ ನಸುಗೆಂಪು. ದಿನವೂ ಬಣ್ಣವನ್ನು ಬರೆದಿಡಬೇಕೆಂದೂ, ಲವಣವು ವಿಷವಾದುದರಿಂದ ಬಾಯಿಗೆ ಸೋಕಿಸಕೂಡದೆಂದೂ ಅಪ್ಪಣೆಯಾಯಿತು. ನ್ಯಾಮತಿಯವಳು ಮೊದಲನೆಯ ವಾರದಲ್ಲಿಯೇ ತನ್ನದನ್ನು ಕಳೆದುಕೊಂಡಳು.

ನಾನು ಜಗಳೂರಿನವಳು. ತುಂಗಭದ್ರೆಯ ದಡದ ಹೊನ್ನಾಳಿಯವಳಾಗಲಿ, ಶಾಂತಿಸಾಗರದ ಸೀಮೆಯ ಚನ್ನಗಿರಿಯವಳಾಗಲಿ ನಮ್ಮಷ್ಟು ಮುಗಿಲು ನೋಡಿದವರಲ್ಲ. ನಮ್ಮ ಗೋಡೆಯ ಮೇಲೆ ಕಾಗದವು ಮೂರು ವಾರ ನೀಲಿಯಾಗಿಯೇ ಇದ್ದಿತು. ರೋಹಿಣಿ ಮಳೆಯ ದಿನಗಳಲ್ಲಿ ಒಂದು ಸಂಜೆ ನಸುಗೆಂಪಾಯಿತು. "ಅಪ್ಪಾ, ಮಳೆ ಬರುತ್ತದೆ!" ಎಂದು ಕೂಗಿದೆನು. ಹೈಸ್ಕೂಲು ಓದುವ ಮಗಳ ಮಾತೆಂದು ತಂದೆಯವರು ಸಾಲದ ಬೀಜ ತಂದು ಶೇಂಗಾ ಬಿತ್ತಿದರು. ಬಂದದ್ದು ತುಂತುರು ಮಾತ್ರ. ಮೊಳಕೆಗಳು ಒಣಗಿದವು. ತಂದೆಯವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಶಾಲೆಯಲ್ಲಿ ನನ್ನ ಪಟ್ಟಿಗೆ ಪೂರ್ತಿ ಅಂಕಗಳು ಬಂದವು. ಬಿತ್ತನೆಯ ಸಂಗತಿಯನ್ನು ನಾನು ಅದರಲ್ಲಿ ಬರೆದಿರಲಿಲ್ಲ.

ಆ ಕಾಗದದ ಗುಟ್ಟು ಕಾಲೇಜಿನಲ್ಲಿ ತಿಳಿಯಿತು. 1913ರಲ್ಲಿ ಬ್ರಾಗ್ ಎಂಬ ತಂದೆಮಗ ತೋರಿಸಿಕೊಟ್ಟ ಕ್ಷ-ಕಿರಣದ ಮಾರ್ಗದಿಂದ, ಹರಳಿನೊಳಗೆ ಯಾವ ಪರಮಾಣುವಿನ ಪಕ್ಕದಲ್ಲಿ ಯಾವುದು ಕುಳಿತಿದೆಯೆಂಬುದನ್ನು ಅರಿಯಬಹುದು. ಕೆಂಪು ಹರಳಿನಲ್ಲಿ ಪ್ರತಿಯೊಂದು ಕೋಬಾಲ್ಟಿನ ಸುತ್ತಲೂ ನಾಲ್ಕು ನೀರಿನ ಅಣುಗಳೂ, ಎದುರುಬದುರಾಗಿ ಎರಡು ಕ್ಲೋರೀನುಗಳೂ ಇವೆ. ಇನ್ನೆರಡು ನೀರಿನ ಅಣುಗಳು ನಡುವಣ ಸಂದುಗಳಲ್ಲಿವೆ. ಚೆನ್ನಾಗಿ ಕಾಯಿಸಿದರೆ ನೀರೆಲ್ಲವೂ ಹೊರಟುಹೋಗಿ, ಆ ಸ್ಥಾನಗಳನ್ನು ಅಕ್ಕಪಕ್ಕದ ಕ್ಲೋರೀನುಗಳೇ ತುಂಬುವುವು, ಆಗ ನೀಲಿ. ನೀರಿಗೆ ಬದಲಾಗಿ, ಮೂಗು ಮುಚ್ಚಿಕೊಂಡು, ಪಿರಿಡೀನ್ ಎಂಬ ದ್ರವವನ್ನು ಕೂಡಿಸಿ ನಾನೇ ಹರಳು ಮಾಡಿದೆನು. ಅದೇ ಸಾಮಗ್ರಿಯಿಂದ, ಅದೇ ಪ್ರಮಾಣದಲ್ಲಿ, ನೇರಿಳೆಯ ಹರಳೂ ಆಗುವುದು, ನೀಲಿಯದೂ ಆಗುವುದು. ನೇರಿಳೆಯದರಲ್ಲಿ ಕ್ಲೋರೀನುಗಳು ಕೋಬಾಲ್ಟುಗಳನ್ನು ಸರಪಣಿಯಂತೆ ಬೆಸೆದು ಒಂದೊಂದಕ್ಕೂ ಆರು ನೆರೆಗಳು; ನೀಲಿಯದರಲ್ಲಿ ನಾಲ್ಕೇ.

ಕೋಬಾಲ್ಟು ತನ್ನನ್ನು ಮುಟ್ಟಿದ ನೆರೆಯನ್ನಷ್ಟೇ ಬಲ್ಲದು. ನಮ್ಮ ಗೋಡೆಯ ಕಾಗದವು ಆ ಸಂಜೆ ತನ್ನನ್ನು ತಾಕಿದ ತೇವವನ್ನು ಸರಿಯಾಗಿಯೇ ಹೇಳಿದ್ದಿತು. ಮುಗಿಲಿನ ಸುದ್ದಿ ಹೇಳಿದವಳು ನಾನು.

ಮರುವರ್ಷ ರಜೆಗೆ ಹೋದಾಗ ತಂದೆಯವರು ಕೇಳಿದರು: "ಆ ಕಾಗದ ತಂದಿಯೇನವ್ವಾ?"

ತಂದಿರಲಿಲ್ಲ. ಗೋಡೆಯ ಮೊಳೆಯನ್ನು ಅವರು ಕಿತ್ತಿರಲಿಲ್ಲ.